ತಿಂಡಿ ಮರೆತವರಿಗೆ ಗದ್ದೆ ನೆನಪಿರುವುದೇಕೆ?

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿಯಲ್ಲೇ ಬಾಳಿದ ನಮ್ಮ ಅತ್ತೆಗೆ ಮರಾಠಿ ಸಲೀಸಾಗಿತ್ತು. ಆಲ್ಝೈಮರ್ ಬಂದಮೇಲೆ ಪಕ್ಕದ ಮನೆಯವರ ಜೊತೆಗೂ ಕನ್ನಡವೇ. ಬೆಳಗಿನ ತಿಂಡಿ ನೆನಪಿಲ್ಲ, ಊರಿನ ಗದ್ದೆ ನೆನಪಿದೆ. ಸಂಜೆಯಾದರೆ ‘ಮನೆಗೆ ಹೋಗ್ಬೇಕು’ ಎಂದು ಹೊರಡುತ್ತಾರೆ. ಏಕೆ?

ಉತ್ತರ: ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಕೆಡಿಸುವುದು ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು. ಹೊಸ ನೆನಪು ದಾಖಲಾಗುವುದು ಅದರ ಮೂಲಕವೇ. ತಿಂಡಿಯನ್ನು ಅವರು ಮರೆತದ್ದಲ್ಲ, ಅದು ಒಳಗೆ ಉಳಿಯಲೇ ಇಲ್ಲ. ಬಾಲ್ಯದ ಊರು, ಮೊದಲ ಮಾತು ಆಳವಾಗಿ ಬೇರೂರಿರುವುದರಿಂದ ನಿಧಾನವಾಗಿ ಸವೆಯುತ್ತವೆ.

ಹಾಗೆಂದು ಕಲಿತ ಮರಾಠಿ ದಂಡವಾಯಿತೆನ್ನಬೇಡಿ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಅವರ ತಂಡ 648 ಡಿಮೆನ್ಷಿಯಾ (ಆಲ್ಝೈಮರ್‌ನಂಥ ಮರೆವಿನ ಕಾಯಿಲೆ) ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸವಿತ್ತು!

ಸಂಜೆಯ ಚಡಪಡಿಕೆ ಈ ರೋಗಿಗಳಲ್ಲಿ ತೀರ ಸಾಮಾನ್ಯ. ‘ಇದೇ ನಿಮ್ಮ ಮನೆ’ ಎಂದು ವಾದಿಸಿದರೆ ಹಟ ಹೆಚ್ಚುತ್ತದೆ. ಕತ್ತಲಾಗುವ ಮುನ್ನವೇ ದೀಪ ಹಾಕಿ, ಕನ್ನಡದಲ್ಲೇ ಗದ್ದೆಯ ಸುದ್ದಿ ತೆಗೆಯಿರಿ. ನನಗೆ ಹೆಚ್ಚು ಭಯವಿರುವುದು ನಿಮ್ಮೂರಿನ ಸ್ಟೇಷನ್ನಿನದು. ಲೋಕಲ್ ರೈಲು ಹತ್ತಿ ಕಲ್ಯಾಣದಲ್ಲೋ ಠಾಣೆಯಲ್ಲೋ ಇಳಿದರೆ ಅವರ ಕನ್ನಡ ಯಾರಿಗೆ ಅರ್ಥವಾದೀತು? ಹೆಸರು, ಫೋನ್ ನಂಬರನ್ನು ಮರಾಠಿಯಲ್ಲಿ ಬರೆದು ಸೀರೆಗೋ ಬಳೆಗೋ ಕಟ್ಟಿ. ಹಿರಿಯರ ಸಹಾಯವಾಣಿ 14567.

ಇನ್ನು, ಇಷ್ಟೆಲ್ಲ ಕಾಯುವ ಸೊಸೆಗೂ ಪಾಳಿ ಬದಲಾಗಬೇಕು. ವಾರಕ್ಕೊಂದು ಸಂಜೆ ಮಗನೋ ಮೈದುನನೋ ಅತ್ತೆಯ ಪಕ್ಕ ಕೂರಲಿ.