ಮಡಿದ ಮೇಲೆ ದೊರೆತ ಕ್ಷಮೆ

ರೈಲು ಹತ್ತುವಾಗ ನಾವು ನೋಡುವುದು ಟಿಕೇಟಿನ ದರ್ಜೆಯನ್ನು. ಅಮೇರಿಕದ ಲೂಯಿಸಿಯಾನಾ ಸಂಸ್ಥಾನದ 1890ರ ಒಂದು ಕಾಯಿದೆ ಪ್ರಯಾಣಿಕನ ಮೈಬಣ್ಣವನ್ನೂ ನೋಡಬೇಕೆಂದು ವಿಧಿಸಿತು. ಬಿಳಿಯರಿಗೊಂದು ಡಬ್ಬಿ, ಕರಿಯರಿಗೊಂದು ಡಬ್ಬಿ; ತನ್ನದಲ್ಲದ ಡಬ್ಬಿಯಲ್ಲಿ ಕುಳಿತವನಿಗೆ 25 ಡಾಲರು ಜುಲ್ಮಾನೆ, ಇಲ್ಲವೆ 20 ದಿನಗಳವರೆಗೆ ಸೆರೆ.

ನ್ಯೂ ಆರ್ಲಿಯನ್ಸ್ ಪಟ್ಟಣದ ಕೆಲವು ನಾಗರಿಕರು ಸಮಿತಿಯೊಂದನ್ನು ಕಟ್ಟಿ, ಈ ಕಾಯಿದೆಯನ್ನು ನ್ಯಾಯಾಲಯದಲ್ಲಿ ಒರೆಗೆ ಹಚ್ಚಲು ನಿಶ್ಚಯಿಸಿದರು. ಅದಕ್ಕೊಬ್ಬ ಅಪರಾಧಿ ಬೇಕಾಗಿದ್ದನು. ಪಾದರಕ್ಷೆ ಹೊಲಿಯುವ ಕಸುಬಿನ ಹೋಮರ್ ಪ್ಲೆಸ್ಸಿಯವರು ಮುಂದೆ ಬಂದರು. ಅವರ ಮೈಯಲ್ಲಿ ಹರಿದ ಆಫ್ರಿಕದ ರಕ್ತ ಎಂಟರಲ್ಲೊಂದು ಪಾಲು ಮಾತ್ರ. ನೋಟಕ್ಕೆ ಬಿಳಿಯರೇ ಸರಿ. 1892ರ ಜೂನ್ 7ರಂದು ಮೊದಲನೆಯ ದರ್ಜೆಯ ಟಿಕೇಟು ಪಡೆದು ಬಿಳಿಯರ ಡಬ್ಬಿಯಲ್ಲಿ ಕುಳಿತರು. ಕಂಡಕ್ಟರನು ಕೇಳಿದಾಗ ತಮ್ಮ ಕುಲವನ್ನು ಮರೆಮಾಚಲಿಲ್ಲ, ಸ್ಥಳ ಬಿಟ್ಟು ಏಳಲೂ ಇಲ್ಲ. ಹಿಡಿಯಲು ಬಂದ ಪತ್ತೇದಾರನನ್ನೂ ಸಮಿತಿಯೇ ಗೊತ್ತುಮಾಡಿದ್ದಿತು! ಸರಿಯಾಗಿ ಒಂದು ವರ್ಷದ ಮೇಲೆ, 1893ರ ಜೂನ್ 7ರಂದೇ, ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ಗಾಡಿಯಿಂದ ಇಳಿಸಿದ ಸಂಗತಿ ವಾಚಕರಿಗೆ ನೆನಪಾಗದಿರದು.

ಸಮಿತಿ ಬಯಸಿದ ನ್ಯಾಯವು ಮಾತ್ರ ದೊರೆಯಲಿಲ್ಲ. 1896ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನೇ ಎತ್ತಿಹಿಡಿಯಿತು. ಎಂಟು ಮಂದಿ ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಹಾರ್ಲನ್ ಒಬ್ಬರೇ. ಬೇರೆಯಿದ್ದರೂ ಸಮಾನವೆಂಬ ಆ ಸೂತ್ರದ ನೆರಳಿನಲ್ಲಿ ಶಾಲೆಗಳೂ ಉಪಾಹಾರಗೃಹಗಳೂ ಇಬ್ಭಾಗವಾದವು. ಶಾಲೆಗಳ ಮಟ್ಟಿಗೆ ಅದನ್ನು ತಳ್ಳಿಹಾಕಲು 1954ರವರೆಗೆ ಕಾಯಬೇಕಾಯಿತು. ಪ್ಲೆಸ್ಸಿಯವರು 1897ರಲ್ಲಿ ತಪ್ಪೊಪ್ಪಿ 25 ಡಾಲರು ತೆತ್ತರು. ಮುಂದೆ ಕೂಲಿ, ಗುಮಾಸ್ತಗಿರಿ, ವಿಮಾ ಕಂಪೆನಿಯ ವಸೂಲಿ ಕೆಲಸಗಳಲ್ಲಿ ದಿನ ಕಳೆದು 1925ರಲ್ಲಿ ತೀರಿಕೊಂಡರು. ಕಾಲಾಂತರದಲ್ಲಿ ಕಾಯಿದೆ ಅಳಿಯಿತು. ಸರಕಾರದ ದಫ್ತರದಲ್ಲಿ ಅವರು ಅಪರಾಧಿಯಾಗಿಯೇ ಉಳಿದರು.

ವರ್ಣಭೇದದ ಕಾಯಿದೆಗಳಡಿ ಶಿಕ್ಷೆಯಾದವರಿಗೆ ಕ್ಷಮೆಯ ದಾರಿಯನ್ನು ಸುಗಮಗೊಳಿಸುವ ಶಾಸನವನ್ನು ಲೂಯಿಸಿಯಾನಾ 2006ರಲ್ಲಿ ಮಾಡಿತು. ಅದರ ಆಧಾರದಿಂದ 2021ರ ನವೆಂಬರಿನಲ್ಲಿ ಕ್ಷಮಾ ಮಂಡಳಿಯು ಒಮ್ಮತದಿಂದ ಶಿಫಾರಸು ಮಾಡಿತು. 2022ರ ಜನವರಿ 5ರಂದು ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಅವರು ಅಂಕಿತ ಹಾಕಿದರು.

ಕ್ಷಮೆಯೆಂಬ ಪದವೇ ಇಲ್ಲಿ ತುಸು ಮುಜುಗರ ತರುತ್ತದೆ. ತಪ್ಪಿದವನು ಬೇಡುವುದು, ನೊಂದವನು ನೀಡುವುದು ಲೋಕರೂಢಿ. ಇಲ್ಲಿ ತಪ್ಪಿದ ಸರಕಾರವೇ ನೀಡುವ ಪೀಠದಲ್ಲಿ ಕುಳಿತಿದೆ. ಅಲಬಾಮಾ ಸಂಸ್ಥಾನದ ಕಥೆ ಇನ್ನೂ ವಿಚಿತ್ರ. 1931ರಲ್ಲಿ ಸರಕುಗಾಡಿಯಿಂದ ಇಳಿಸಿ ಬಂಧಿಸಿದ ಒಂಬತ್ತು ಮಂದಿ ಕಪ್ಪು ಹುಡುಗರ ಮೇಲೆ ಹೊರಿಸಿದ ಅತ್ಯಾಚಾರದ ಆರೋಪವೇ ಸುಳ್ಳು. ಮೃತರನ್ನು ಕ್ಷಮಿಸಲು ಅಲ್ಲಿ ಕಾನೂನೇ ಇರಲಿಲ್ಲವಾಗಿ, 2013ರಲ್ಲಿ ಹೊಸದನ್ನು ಮಾಡಿ, ಕಳಂಕ ಉಳಿದಿದ್ದ ಮೂವರಿಗೆ ಅದೇ ವರ್ಷ ಕ್ಷಮಾಪತ್ರ ನೀಡಿದರು. ಮಾಡದ ತಪ್ಪಿಗೆ ಕ್ಷಮೆ! ಆದರೂ ದಫ್ತರದ ಕಳಂಕವನ್ನು ದಫ್ತರದ ಕಾಗದವೇ ತೊಳೆಯಬೇಕಷ್ಟೆ. ಕಚೇರಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಲೆಸ್ಸಿಯವರ ಕ್ಷಮಾಪತ್ರಕ್ಕೆ ಸಹಿ ಬಿದ್ದುದು ಅವರನ್ನು ಬಂಧಿಸಿದ ಸ್ಥಳದ ಸಮೀಪದಲ್ಲೇ. ಅವರ ಮೊಕದ್ದಮೆಯನ್ನು ಮೊದಲು ಆಲಿಸಿ ಕಾಯಿದೆಯ ಪರ ತೀರ್ಪಿತ್ತವರು ನ್ಯಾಯಾಧೀಶ ಫರ್ಗುಸನ್. ಪ್ಲೆಸ್ಸಿ ಮನೆತನದವರೂ ಫರ್ಗುಸನ್ ಮನೆತನದವರೂ 2009ರಲ್ಲಿ ಒಂದೇ ಸಂಸ್ಥೆಯನ್ನು ಸ್ಥಾಪಿಸಿಕೊಂಡಿದ್ದರು. ಆ ದಿನ ಎರಡೂ ಮನೆಯವರು ಅಲ್ಲಿ ಒಟ್ಟಿಗೆ ನಿಂತಿದ್ದರು.