ಕನೋಸ್ಸ ಪ್ರಸಂಗ: ಕ್ರೈಸ್ತ ಕ್ಷಮೆಯಲ್ಲಿ ಪಶ್ಚಾತ್ತಾಪದ ಸ್ಥಾನ

ಕ್ಷಮೆಯನ್ನು ಬೇಡುವುದೂ ಪಶ್ಚಾತ್ತಾಪಪಡುವುದೂ ಒಂದೇ ಅಲ್ಲ. ಮೊದಲನೆಯದು ಬಾಯಿಯ ಮಾತು, ಎರಡನೆಯದು ಅಂತರಂಗದ ಪರಿವರ್ತನೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಮೆಟನೋಯ’ ಎಂಬ ಶಬ್ದಕ್ಕೆ ಮನಸ್ಸು ಮಾರ್ಪಡುವುದೆಂದು ಅರ್ಥ; ಕನ್ನಡ ಬೈಬಲಿನ ‘ಮಾನಸಾಂತರ’ ಎಂಬ ಮಾತು ಅದಕ್ಕೆ ಬಹು ಸಮೀಪವಾದುದು. ಆದರೆ ಕ್ಷಮಿಸಬೇಕಾದ ಮನುಷ್ಯನಿಗೆ ಗೋಚರವಾಗುವುದು ಹೊರಗಿನ ಕುರುಹು ಮಾತ್ರ. ಈ ತೊಡಕು 1077ರ ಕನೋಸ್ಸ ಪ್ರಸಂಗದಲ್ಲಿ ಸ್ಫುಟವಾಗಿ ಕಂಡುಬರುತ್ತದೆ.

ಬಿಷಪರ ನೇಮಕದ ಅಧಿಕಾರ ಯಾರದೆಂಬ ವಿವಾದದಲ್ಲಿ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿಯು ಪೋಪ್ ಏಳನೆಯ ಗ್ರೆಗೊರಿಗೆ ಪೀಠವನ್ನು ಬಿಟ್ಟಿಳಿಯುವಂತೆ ಬರೆದನು. 1076ರ ಫೆಬ್ರವರಿಯಲ್ಲಿ ಗ್ರೆಗೊರಿಯು ಅವನಿಗೆ ಬಹಿಷ್ಕಾರ ಹಾಕಿ, ಪ್ರಜೆಗಳನ್ನು ರಾಜನಿಷ್ಠೆಯ ಪ್ರಮಾಣದಿಂದ ಬಿಡುಗಡೆ ಮಾಡಿದನು. ವರ್ಷದೊಳಗೆ ಬಹಿಷ್ಕಾರ ತೆರವಾಗದಿದ್ದರೆ ಹೆನ್ರಿಯನ್ನು ದೊರೆಯೆಂದು ಒಪ್ಪುವುದಿಲ್ಲವೆಂದು ಸಾಮಂತರು ಹಟ ಹಿಡಿದರು. ಅವನು ನಡುಚಳಿಗಾಲದಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ, ಪೋಪನು ತಂಗಿದ್ದ ಕನೋಸ್ಸ ದುರ್ಗಕ್ಕೆ ಬಂದು, ಮೂರು ದಿನ ಬಾಗಿಲ ಮುಂದೆ ಬರಿಗಾಲಿನಲ್ಲಿ, ಉಣ್ಣೆಯ ಒರಟು ಬಟ್ಟೆಯಲ್ಲಿ ನಿಂತನು.

ಹೆನ್ರಿಯ ಪಶ್ಚಾತ್ತಾಪ ನಿಜವೇ, ರಾಜತಂತ್ರವೇ? ದಾಖಲೆಗಳಿಂದ ಇದನ್ನು ನಿರ್ಣಯಿಸಲಾಗದೆಂದೇ ನನ್ನ ಅಭಿಪ್ರಾಯ. ಹೆಚ್ಚು ವಿಚಾರಾರ್ಹವಾದುದು ಗ್ರೆಗೊರಿಯ ಇಕ್ಕಟ್ಟು. ರಾಜಕಾರಣಿಯಾಗಿ ಅವನಿಗೆ ನಿರಾಕರಣೆಯೇ ಲಾಭಕರ. ಪಾದ್ರಿಯಾಗಿ ಅದು ಅಸಾಧ್ಯ. ದಿನಕ್ಕೆ ಏಳು ಸಲ ತಪ್ಪುಮಾಡಿದ ಸೋದರನು ಏಳು ಸಲವೂ ಬಂದು ಪಶ್ಚಾತ್ತಾಪಪಡುತ್ತೇನೆಂದರೆ ಅವನನ್ನು ಕ್ಷಮಿಸಬೇಕೆಂಬುದು ಲೂಕನ ಸುವಾರ್ತೆಯಲ್ಲಿ ಬರುವ ಯೇಸುವಿನ ಬೋಧೆ. ಅಲ್ಲಿ ಕೇಳಿರುವುದು ಮಾತನ್ನು, ಹೃದಯದ ಶೋಧನೆಯನ್ನಲ್ಲ. ಸುತ್ತಲಿದ್ದವರು ತನ್ನ ಕಾಠಿನ್ಯವನ್ನು ಕ್ರೌರ್ಯವೆಂದು ದೂರಿದರೆಂದು ಗ್ರೆಗೊರಿಯೇ ಸಾಮಂತರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಕಡೆಗೆ ಅವನು ಹೆನ್ರಿಯಿಂದ ಪ್ರಮಾಣವನ್ನು ಪಡೆದು ಬಹಿಷ್ಕಾರವನ್ನು ತೆಗೆದನು.

ಕ್ಷಮೆಯೇನೋ ದೊರೆಯಿತು, ಹಿಂದಿರುಗಿ ಬಂದುದೇನು? ಸಾಮಂತರಂತೂ ಅದೇ ಮಾರ್ಚಿಯಲ್ಲಿ ರುಡಾಲ್ಫನೆಂಬ ಬೇರೊಬ್ಬ ದೊರೆಯನ್ನು ಆರಿಸಿಕೊಂಡರು. 1080ರಲ್ಲಿ ಹೆನ್ರಿಗೆ ಮತ್ತೆ ಬಹಿಷ್ಕಾರ ಹಾಕಿದಾಗ ಗ್ರೆಗೊರಿಯು, ತಾನು ಕನೋಸ್ಸದಲ್ಲಿ ಮರಳಿ ಕೊಟ್ಟುದು ಸಭೆಯ ಸಹಭಾಗಿತ್ವವನ್ನೇ ಹೊರತು ರಾಜ್ಯವನ್ನಲ್ಲವೆಂದು ಸ್ಪಷ್ಟಪಡಿಸಿದನು. ಇದು ಕೇವಲ ಜಾಣತನದ ವಾದವಲ್ಲ. ಪಾಪವಿಮೋಚನೆಯಿಂದ ಪ್ರಾಯಶ್ಚಿತ್ತದ ಹೊಣೆ ತೀರದು, ಕಳೆದುಕೊಂಡ ಸ್ಥಾನವೂ ತಾನಾಗಿ ಬಾರದು ಎಂಬ ಭಾವನೆ ಕ್ರೈಸ್ತ ಸಭೆಯಲ್ಲಿ ಅದಕ್ಕೂ ಹಿಂದಿನಿಂದ ಇದ್ದುದೇ.

1084ರಲ್ಲಿ ಹೆನ್ರಿಯು ರೋಮನ್ನು ವಶಪಡಿಸಿಕೊಂಡು, ತಾನೇ ನಿಲ್ಲಿಸಿದ ಪ್ರತಿ ಪೋಪನಿಂದ ಚಕ್ರವರ್ತಿಪಟ್ಟವನ್ನು ಪಡೆದನು. ಮರುವರ್ಷ ಗ್ರೆಗೊರಿಯು ಸಲೆರ್ನೊ ನಗರದಲ್ಲಿ ತೀರಿಕೊಂಡನು. ಸಾಯುವ ಮುನ್ನ ಅವನು ತಾನು ಬಹಿಷ್ಕರಿಸಿದ್ದವರನ್ನೆಲ್ಲ ಕ್ಷಮಿಸಿದನೆಂದೂ, ಹೆನ್ರಿ ಮತ್ತು ಆ ಪ್ರತಿ ಪೋಪರಿಗೆ ಮಾತ್ರ ತಕ್ಕ ಪ್ರಾಯಶ್ಚಿತ್ತದ ನಿಬಂಧನೆಯನ್ನು ಉಳಿಸಿದನೆಂದೂ ಅವನ ಪಕ್ಷದವರ ಬರಹಗಳಿಂದ ತಿಳಿದುಬರುತ್ತದೆ.