ನ್ಯೂಟ್ರಾನಿನ ಲೆಕ್ಕಕ್ಕೆ ಕನ್ನಡಕದ ಪ್ಲಾಸ್ಟಿಕ್

1946ನೆಯ ಇಸವಿ ಮೇ 21ರಂದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಲೂಯಿ ಸ್ಲೋಟಿನ್ ಎಂಬ ತರುಣ ವಿಜ್ಞಾನಿಗಳು ತಮ್ಮ ಸಹೋದ್ಯೋಗಿಗಳಿಗೆ ಒಂದು ಪ್ರಯೋಗವನ್ನು ತೋರಿಸುತ್ತಿದ್ದರು. ಪ್ಲುಟೋನಿಯಂ ಗೋಳದ ಮೇಲೆ ಕವುಚಬೇಕಾದ ಬೆರಿಲಿಯಂ ಬೋಗುಣಿಯನ್ನು ಒಂದು ಸ್ಕ್ರೂಡ್ರೈವರಿನ ಆಸರೆಯಿಂದ ತುಸುವೆ ಎತ್ತಿ ಹಿಡಿದಿದ್ದರು. ಸ್ಕ್ರೂಡ್ರೈವರು ಜಾರಿತು, ಬೋಗುಣಿ ಮುಚ್ಚಿಕೊಂಡಿತು. ಕೊಠಡಿಯಲ್ಲಿ ನೀಲಿಯ ಬೆಳಕು ಮಿಂಚಿ ಮಾಯವಾಯಿತು. ಸ್ಲೋಟಿನ್ ಒಡನೆಯೆ ಬೋಗುಣಿಯನ್ನು ಕಿತ್ತೆಸೆದರಾದರೂ ಒಂಬತ್ತನೆಯ ದಿನ ಅಸುನೀಗಿದರು.

ಅಲ್ಲಿದ್ದ ಉಳಿದ ಏಳು ಮಂದಿಗೆ ತಗುಲಿದ ನ್ಯೂಟ್ರಾನುಗಳೆಷ್ಟು? ವಿಕಿರಣವನ್ನು ಅಳೆಯುವ ಬಿಲ್ಲೆಯನ್ನು ಅವರಲ್ಲಿ ಒಬ್ಬರೂ ಧರಿಸಿರಲಿಲ್ಲ. ಕೊನೆಗೆ ಅವರ ರಕ್ತವನ್ನೆ ತೆಗೆದು ಪರೀಕ್ಷಿಸಬೇಕಾಯಿತು. ರಕ್ತದ ಉಪ್ಪಿನಲ್ಲಿರುವ ಸೋಡಿಯಂ, ನ್ಯೂಟ್ರಾನನ್ನು ನುಂಗಿ ತಾನೂ ವಿಕಿರಣ ಸೂಸತೊಡಗುತ್ತದೆ. ಹದಿನೈದು ಗಂಟೆಗಳಿಗೊಮ್ಮೆ ಅದರ ತೀವ್ರತೆ ಅರ್ಧಕ್ಕಿಳಿಯುತ್ತದೆ. ಮನುಷ್ಯನ ಮೈಯನ್ನೆ ಮಾಪಕವನ್ನಾಗಿ ಮಾಡಿಕೊಳ್ಳುವ ಈ ಉಪಾಯ ಅಪಘಾತಕ್ಕಷ್ಟೆ ಸಲ್ಲುವುದು. ದಿನನಿತ್ಯ ಕೆಲಸಕ್ಕೆ ಹೋಗಿಬರುವವನಿಗೆ ಎದೆಯ ಮೇಲಿನ ಬಿಲ್ಲೆಯೆ ಗತಿ. ಆ ಬಿಲ್ಲೆಯೊಳಗೆ ಯಾವ ವಸ್ತುವನ್ನಿಡಬೇಕೆಂಬುದು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯದ ಪ್ರಶ್ನೆ.

ಕ್ಷ-ಕಿರಣಗಳನ್ನಾಗಲಿ ಗ್ಯಾಮಾ ಕಿರಣಗಳನ್ನಾಗಲಿ ಅಳೆಯಲು ಫೋಟೋ ಫಿಲ್ಮಿನ ತುಂಡೊಂದು ಸಾಕು. ಬಿದ್ದಷ್ಟೂ ಅದು ಕಪ್ಪಾಗುತ್ತದೆ. 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನಿನ ನಡತೆಯೆ ಬೇರೆ. ಅದಕ್ಕೆ ವಿದ್ಯುದಂಶವಿಲ್ಲ. ಸೀಸದ ಗೋಡೆಯನ್ನೂ ಅದು ನಿರಾಯಾಸವಾಗಿ ದಾಟಬಲ್ಲದು. ಆದರೆ ತನ್ನಷ್ಟೆ ತೂಕದ ಹೈಡ್ರೋಜನ್ ಬೀಜಕ್ಕೆ ಡಿಕ್ಕಿ ಹೊಡೆದಾಗ, ಗೋಲಿಯೊಂದು ಮತ್ತೊಂದು ಗೋಲಿಗೆ ತಾಗಿದಂತೆ, ತನ್ನ ವೇಗವನ್ನೆಲ್ಲ ಅದಕ್ಕೆ ಧಾರೆಯೆರೆದು ನಿಂತುಬಿಡುವುದುಂಟು. ನೀರಿನಿಂದ ತುಂಬಿದ ನಮ್ಮ ದೇಹದಲ್ಲಿ ಹೈಡ್ರೋಜನ್ನಿಗೇನು ಕೊರತೆ? ಹೀಗೆ ಚಿಮ್ಮಿದ ಹೈಡ್ರೋಜನ್ ಬೀಜ, ಅಂದರೆ ಪ್ರೋಟಾನು, ಜೀವಕೋಶಗಳಲ್ಲಿ ಗಾಯ ಮಾಡುತ್ತದೆ. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಲೆಕ್ಕದಂತೆ, ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನು ಅಷ್ಟೇ ಪ್ರಮಾಣದ ಗ್ಯಾಮಾ ಕಿರಣಕ್ಕಿಂತ ಸುಮಾರು 20 ಪಟ್ಟು ಹಾನಿಕರ. ಮಂದಗತಿಯ ನ್ಯೂಟ್ರಾನಿಗೆ ಈ ಗುಣಾಂಕ ಎರಡೂವರೆ ಮಾತ್ರ. ಮಂದವಾದುದಕ್ಕೂ ವೇಗವಾದುದಕ್ಕೂ ಶಕ್ತಿಯಲ್ಲಿ ಹತ್ತು ಕೋಟಿ ಪಟ್ಟು ಅಂತರವಿರಬಹುದು. ಈ ಹರವನ್ನೆಲ್ಲ ಸಮದೃಷ್ಟಿಯಿಂದ ಕಾಣಬಲ್ಲ ಬಿಲ್ಲೆಯ ವಸ್ತು ಇನ್ನೂ ದೊರೆತಿಲ್ಲ. ಅಂಧಗಜನ್ಯಾಯವೆನ್ನುವುದು ಇಲ್ಲಿ ಅಕ್ಷರಶಃ ಸತ್ಯ.

ಮೊದಲು ಬಳಕೆಗೆ ಬಂದುದು ಕೊಡಕ್ ಕಂಪನಿಯ ಎನ್‌ಟಿಎ ಎಂಬ ವಿಶೇಷ ಫಿಲ್ಮು. ಅದರ ಲೇಪದಲ್ಲಿ ಪ್ರೋಟಾನು ಓಡಿದ ದಾರಿಯುದ್ದಕ್ಕೂ ಬೆಳ್ಳಿಯ ಕಣಗಳು ಸಾಲುಗಟ್ಟುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದೊಂದಾಗಿ ಎಣಿಸಬೇಕು. ಕಣ್ಣು ಬಳಲಿಸುವ ಕೆಲಸ! ಗ್ಯಾಮಾ ಕಿರಣ ಹೆಚ್ಚಾಗಿ ಬಿದ್ದರೆ ಫಿಲ್ಮೆಲ್ಲ ಮಬ್ಬಾಗಿ ಗೆರೆಗಳೆ ಕಾಣವು. ತೇವವೂ ಸೆಕೆಯೂ ಸೇರಿದರೆ ಮೂಡಿದ ಗೆರೆ ತಾನಾಗಿ ಅಳಿಸಿಹೋಗುತ್ತದೆ. ಮಳೆಗಾಲವುಳ್ಳ ದೇಶಗಳಿಗೆ ಇದು ಸಣ್ಣ ದೋಷವೇನಲ್ಲ. ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ, ಸುಮಾರು ಏಳು ಲಕ್ಷ ಎಲೆಕ್ಟ್ರಾನ್ ವೋಲ್ಟಿಗಿಂತ ಕಡಮೆ ಶಕ್ತಿಯ ನ್ಯೂಟ್ರಾನಿನ ಗುರುತೆ ಅದರಲ್ಲಿ ಮೂಡದು. ರಿಯಾಕ್ಟರಿನ ದಪ್ಪಗೋಡೆಗಳನ್ನು ಹಾದು ಸೋರಿ ಬರುವ ನ್ಯೂಟ್ರಾನುಗಳು ಬಹುಪಾಲು ಅಂತಹ ಬಳಲಿದ ನ್ಯೂಟ್ರಾನುಗಳೆ. ಆದುದರಿಂದ ಅಂತಹ ಕಡೆ ದುಡಿಯುವವನ ಖಾತೆಯಲ್ಲಿ ಸೊನ್ನೆಯೆಂದು ಬರೆದಿದ್ದರೆ, ನ್ಯೂಟ್ರಾನು ತಗುಲಲಿಲ್ಲವೆಂದೊ ಫಿಲ್ಮಿಗೆ ಕಾಣಲಿಲ್ಲವೆಂದೊ ಹೇಳುವುದು ಕಷ್ಟ.

ಈ ಮಂದ ನ್ಯೂಟ್ರಾನುಗಳಿಗೆ ಲಿಥಿಯಂ ಫ್ಲೋರೈಡು ಒಳ್ಳೆಯ ಬಲೆ. ವಿಕಿರಣ ಬಿದ್ದ ಈ ಹರಳನ್ನು ಕಾಯಿಸಿದರೆ ಮಿಣುಕುಬೆಳಕು ಬರುತ್ತದೆ. ಬೆಳಕಿನಿಂದ ವಿಕಿರಣದ ಪ್ರಮಾಣ ತಿಳಿಯುತ್ತದೆ. ಲಿಥಿಯಂ-6 ನ್ಯೂಟ್ರಾನನ್ನು ಆತುರದಿಂದ ನುಂಗುತ್ತದೆ; ಅದರ ಸೋದರ ಲಿಥಿಯಂ-7 ಅದರತ್ತ ತಿರುಗಿಯೂ ನೋಡದು. ಗ್ಯಾಮಾ ಕಿರಣಕ್ಕೆ ಎರಡೂ ಒಂದೇ ಬಗೆಯಾಗಿ ಸ್ಪಂದಿಸುವುದರಿಂದ, ಜೋಡಿಯಾಗಿಟ್ಟು ಒಂದರ ಲೆಕ್ಕದಲ್ಲಿ ಇನ್ನೊಂದನ್ನು ಕಳೆದರಾಯಿತು. ವೇಗದ ನ್ಯೂಟ್ರಾನುಗಳು ಸಹ ದೇಹದೊಳಗೆ ಹೊಕ್ಕು, ಬಳಲಿ, ಹಿಂದಿರುಗಿ ಬಿಲ್ಲೆಯನ್ನು ತಾಗುವುದುಂಟು. ಬಿಲ್ಲೆ ಮೈಗೆ ಅಂಟಿಕೊಂಡಿರಬೇಕು, ಅಷ್ಟೆ. ಕೋಟಿನ ಮೇಲೆ ಜೋತಾಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಆದರೆ ನ್ಯೂಟ್ರಾನು ಹೆಚ್ಚು ಅಪಾಯಕಾರಿಯಾಗುವ ಶಕ್ತಿಯಲ್ಲಿಯೆ ಈ ಹರಳಿನ ದೃಷ್ಟಿ ಮಂದವಾಗುತ್ತದೆ. ಒಂದೊಂದು ಕೆಲಸದ ಸ್ಥಳಕ್ಕೂ ಬೇರೆ ಬೇರೆ ತಿದ್ದುಪಡಿಯನ್ನು ಅನ್ವಯಿಸದೆ ಇದನ್ನು ನಂಬುವಂತಿಲ್ಲ.

ಅಲ್ಲಿಂದಾಚೆಗೆ ನೆರವಿಗೆ ಬಂದುದು ಕನ್ನಡಕದ ಪ್ಲಾಸ್ಟಿಕ್. ಸಿಆರ್-39 ಎಂಬುದು 1940ರ ಸುಮಾರಿನಲ್ಲಿ ಅಮೆರಿಕದಲ್ಲಿ ಸಿದ್ಧವಾದ ರಾಳ. ಹೆಸರಿನಲ್ಲಿರುವ 39 ಪ್ರಯೋಗಗಳ ಸಾಲಿನಲ್ಲಿ ಅದರ ಕ್ರಮಸಂಖ್ಯೆ. ಯುದ್ಧಕಾಲದಲ್ಲಿ ವಿಮಾನಗಳ ಇಂಧನದ ತೊಟ್ಟಿಗೆ ಬಳಕೆಯಾಗಿ, ಯುದ್ಧ ಮುಗಿದ ಮೇಲೆ ಮಸೂರವಾಯಿತು. ಇದರಲ್ಲಿ ಪರಮಾಣು ಕಣಗಳು ಸ್ಪಷ್ಟವಾಗಿ ಜಾಡು ಬಿಡುತ್ತವೆಂದು ಕಾರ್ಟ್‌ರೈಟ್, ಶರ್ಕ್ ಮತ್ತು ಪ್ರೈಸ್ ಎಂಬ ಮೂವರು 1978ರಲ್ಲಿ ಪ್ರಕಟಿಸಿದರು. ಪ್ರೋಟಾನು ಹಾದ ಕಡೆ ಪ್ಲಾಸ್ಟಿಕ್ಕಿನ ಅಣುಗಳ ಸರಪಣಿ ಕಡಿಯುತ್ತದೆ. ಬಿಸಿಯಾದ ಕಾಸ್ಟಿಕ್ ಸೋಡದ ದ್ರಾವಣದಲ್ಲಿ ಕೆಲವು ಗಂಟೆ ಮುಳುಗಿಸಿಟ್ಟರೆ, ಸಾರಣೆ ಸಡಿಲವಾದ ಗೋಡೆಗೆ ಮಳೆನೀರು ಇಳಿಯುವಂತೆ, ದ್ರಾವಣ ಗಾಯವಾದಲ್ಲಿಯೆ ಬೇಗ ಕೊರೆದು ಒಂದೊಂದು ಜಾಡನ್ನೂ ಕುಳಿಯನ್ನಾಗಿ ಮಾಡುತ್ತದೆ. ಕುಳಿಗಳನ್ನು ಎಣಿಸಲು ಈಗ ಯಂತ್ರಗಳಿವೆ. ಗ್ಯಾಮಾ ಕಿರಣಕ್ಕೆ ಈ ವಸ್ತು ಜಗ್ಗದು. ಫಿಲ್ಮಿನಂತೆ ತೇವಕ್ಕೆ ಬೇಗ ಸೋಲದು. ಒಂದೂವರೆ ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಿಂದಲೆ ನ್ಯೂಟ್ರಾನನ್ನು ಗುರುತಿಸಬಲ್ಲದು. ಭಾರತದಲ್ಲಿಯೂ ಭಾಭಾ ಅಣು ಸಂಶೋಧನಾ ಕೇಂದ್ರದವರು ವೇಗದ ನ್ಯೂಟ್ರಾನುಗಳ ಲೆಕ್ಕಕ್ಕೆ ಹಳೆಯ ಫಿಲ್ಮನ್ನು ಬಿಟ್ಟು ಇದನ್ನೆ ಹಿಡಿದರು.

ದೋಷಗಳು ಇದಕ್ಕೂ ಉಂಟು. ಓರೆಯಾಗಿ ಬಂದ ನ್ಯೂಟ್ರಾನುಗಳು ಕಡಮೆ ದಾಖಲಾಗುತ್ತವೆ. ಒಂದು ಕಂತಿನ ಹಾಳೆಯಂತೆ ಮತ್ತೊಂದು ಕಂತಿನದು ಇರದು. ಗಾಳಿಯಲ್ಲಿರುವ ರೇಡಾನ್ ಅನಿಲವೂ ಕುಳಿ ಮಾಡುವುದರಿಂದ ಹಾಳೆಯನ್ನು ಭದ್ರವಾಗಿ ಮುಚ್ಚಿಡಬೇಕು. ಮಿಲಿಸೀವರ್ಟಿನ ಹತ್ತರಲ್ಲಿ ಒಂದೆರಡು ಪಾಲಿಗಿಂತ ಕಡಮೆಯಾದುದನ್ನು ಹುಟ್ಟುಕಲೆಗಳಿಂದ ಬೇರ್ಪಡಿಸುವುದು ದುಸ್ತರ. ಕೆಲಸಗಾರನಿಗೆ ವಿಧಿಸಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬುದನ್ನು ನೆನೆದರೆ ಇದು ಸಹಿಸತಕ್ಕ ಕೊರತೆಯೆ ಸರಿ.

ಕುದಿಬಿಂದುವನ್ನು ದಾಟಿಯೂ ಕುದಿಯದೆ ನಿಂತ ದ್ರವದ ಹನಿಗಳನ್ನು ಲೋಳೆಯಲ್ಲಿ ಹುದುಗಿಸಿದ ನಳಿಗೆಗಳೂ ಬಂದಿವೆ. ನ್ಯೂಟ್ರಾನು ತಾಗಿದೊಡನೆ ಅವುಗಳಲ್ಲಿ ಗುಳ್ಳೆಯೇಳುತ್ತದೆ. ತಿಂಗಳುಗಟ್ಟಲೆ ಕಾಯದೆ ಅಲ್ಲಿಯೆ ಎಣಿಸಬಹುದು; ಆದರೆ ಕೊಠಡಿಯ ಶಾಖ ಏರಿಳಿದರೆ ಗುಳ್ಳೆಗಳ ಸಂಖ್ಯೆಯೂ ಏರಿಳಿಯುತ್ತದೆ. ಎಣ್ಣೆಬಾವಿಗಳಲ್ಲಿ ಬಂಡೆಯನ್ನು ಪರೀಕ್ಷಿಸಲು ಇಳಿಬಿಡುವ ಅಮೆರಿಸಿಯಂ-ಬೆರಿಲಿಯಂ ಮೂಲದಿಂದ ಬರುವ ನ್ಯೂಟ್ರಾನುಗಳು ವೇಗವಾದುವು. ಅಲ್ಲಿ ಸಿಆರ್-39 ಒಂದೇ ಸಾಕು. ರಿಯಾಕ್ಟರಿನ ಗೋಡೆಯ ಬಳಿ ದುಡಿಯುವವನಿಗಾದರೊ, ಪ್ಲಾಸ್ಟಿಕ್ ಹಾಳೆಯನ್ನೂ ಲಿಥಿಯಂ ಜೋಡಿಯನ್ನೂ ಒಂದೇ ಬಿಲ್ಲೆಯಲ್ಲಿ ಕೂಡಿಸಿ ಕೊಡುವುದೆ ಉಚಿತ.